ಥಾರ್‌ಗೆ ಮೂರು ಲಕ್ಷದ ಮಾಡಿಫಿಕೇಶನ್: ಸಾಲ ಮಾಡಲೇ, ಕೂಡಿಡಲೇ?

ಓದುಗರ ಪ್ರಶ್ನೆ: ಸರ್, ನಾನು ಮೂಡಿಗೆರೆ ಕಡೆಯವನು. ಕೆಲಸ ಬೆಂಗಳೂರಿನಲ್ಲಿ. ಕೈಗೆ ಬರುವ ಸಂಬಳ 68,000 ರೂಪಾಯಿ. ಒಂದೂವರೆ ವರ್ಷದ ಹಿಂದೆ ಮಹೀಂದ್ರದ ಡೀಸೆಲ್ ಥಾರ್ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ ಗಾಡಿ) ತಗೊಂಡೆ. ಅದರ ಕಂತು 19,500, ಇನ್ನೂ ಐದೂವರೆ ವರ್ಷ ಬಾಕಿ ಇದೆ. ಮನೆ ಬಾಡಿಗೆ 16,000. ಉಳಿತಾಯ ಖಾತೆಯಲ್ಲಿ 90,000 ಇದೆ. ತಿಂಗಳಿಗೊಮ್ಮೆ ಸ್ನೇಹಿತರ ಜೊತೆ ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟುಗಳಲ್ಲಿ ಆಫ್‌ರೋಡಿಂಗ್ ಹೋಗುತ್ತೇನೆ. ಗ್ಯಾರೇಜಿನವರು 3,20,000ದ ಕೊಟೇಶನ್ ಕೊಟ್ಟಿದ್ದಾರೆ: ದೊಡ್ಡ ಸೈಜಿನ ಮಡ್ ಟೈರು ಐದು (75,000), ಗಾಡಿಯನ್ನು ಎರಡು ಇಂಚು ಎತ್ತರಿಸುವ ಲಿಫ್ಟ್ ಕಿಟ್ (85,000), ಸ್ಟೀಲ್ ಬಂಪರ್ (38,000), ಸಿಕ್ಕಿಬಿದ್ದ ಗಾಡಿಯನ್ನು ಮೋಟರಿನಿಂದ ಎಳೆಯುವ ವಿಂಚ್ (62,000), ಬಾಗಿಲ ಕೆಳಗಿನ ಅಂಚು ಕಾಯುವ ರಾಕ್ ಸ್ಲೈಡರ್ (28,000), ಲೈಟು (18,000), ಇಂಜಿನ್ನಿಗೆ ಮೇಲಿಂದ ಗಾಳಿ ಕೊಡುವ ಕೊಳವೆ, ಅಂದರೆ ಸ್ನಾರ್ಕೆಲ್ (14,000). ಬ್ಯಾಂಕ್ ಆ್ಯಪ್‌ನಲ್ಲಿ ಶೇ. 14ಕ್ಕೆ 3 ಲಕ್ಷ ಪರ್ಸನಲ್ ಲೋನ್ ಆಗಲೇ ಮಂಜೂರಾಗಿ ಕೂತಿದೆ. ಮೂರು ವರ್ಷದ ಅವಧಿ. ಹೆಂಡತಿ "ಕೂಡಿಟ್ಟು ಮಾಡಿಸಿ" ಅನ್ನುತ್ತಾಳೆ. ಸ್ನೇಹಿತರು "ಈಗಲೇ ಮಾಡಿಸು, ಆಮೇಲೆ ರೇಟು ಏರುತ್ತೆ" ಅನ್ನುತ್ತಾರೆ. ಊರಲ್ಲಿ ಭಾವ ಒಬ್ಬರು, ಅಪ್ಪನ ಹೆಸರಲ್ಲಿ ಸೊಸೈಟಿಯ ಬೆಳೆಸಾಲ ತೆಗೆದುಬಿಡು, ಬಡ್ಡಿಯೇ ಇಲ್ಲ ಅಂದರು. ಏನು ಮಾಡಲಿ?

ಉತ್ತರ: ವಾಹನ ಸಾಲದ ಕೆಲಸದಲ್ಲಿ ಬಹಳ ವರ್ಷ ಕಳೆದವನು ನಾನು. ರಜೆಯಲ್ಲಿ ಕೆಸರಿಗೆ ಇಳಿಯುವ ಚಟವೂ ಇದೆ. ಹಾಗಾಗಿ "ಇದೆಲ್ಲ ದಂಡದ ಖರ್ಚು" ಅಂತ ನಾನು ಹೇಳುವುದಿಲ್ಲ. ನಿಮ್ಮ ದುಡ್ಡು, ನಿಮ್ಮ ಖುಷಿ. ನೀವು ಕೇಳಿದ್ದು ಸಾಲವೋ ಉಳಿತಾಯವೋ ಅಂತ. ಪತ್ರ ಓದಿದಾಗ ನನಗೆ ಕಂಡ ಚಿಂತೆ ಸ್ವಲ್ಪ ಬೇರೆ: ಈ ಏಳು ಸಾಮಾನಿನಲ್ಲಿ ನಿಮಗೆ ನಿಜಕ್ಕೂ ಯಾವುದು ಬೇಕು ಅನ್ನುವುದು ನಿಮಗೇ ಇನ್ನೂ ಗೊತ್ತಿಲ್ಲ. ಸಾಲ ಮಾಡಿದರೆ ಅದು ಗೊತ್ತಾಗುವ ಮೊದಲೇ ಪೂರ್ತಿ ದುಡ್ಡು ಖರ್ಚಾಗಿರುತ್ತದೆ.

ಮೊದಲು ಲೆಕ್ಕ ನೋಡೋಣ. 3 ಲಕ್ಷಕ್ಕೆ ಶೇ. 14ರಂತೆ 36 ತಿಂಗಳ ಕಂತು ಸುಮಾರು 10,250 ರೂಪಾಯಿ. ಕೊನೆಗೆ ಕಟ್ಟುವ ಬಡ್ಡಿ ಸುಮಾರು 69,000. ಪ್ರೊಸೆಸಿಂಗ್ ಫೀ ಶೇ. 2 ಅಂತ ಇಟ್ಟುಕೊಂಡರೆ ಜಿಎಸ್‌ಟಿ ಸೇರಿ ಇನ್ನೊಂದು 7,080. ಅಂದರೆ 76,000ದಷ್ಟು ಮೇಲುಖರ್ಚು. ಆ ಐದು ಟೈರಿನ ಬೆಲೆಗೆ ಸಮ.

ಅದೇ 10,250ನ್ನು ತಿಂಗಳು ತಿಂಗಳು ಆರ್‌ಡಿಗೆ ಹಾಕಿ. ಬಡ್ಡಿ ಶೇ. 6.5 ಅಂದುಕೊಂಡರೆ 27–28 ತಿಂಗಳಲ್ಲಿ 3 ಲಕ್ಷ ಕೈಯಲ್ಲಿರುತ್ತದೆ. (ಆರ್‌ಡಿ ಬಡ್ಡಿಗೂ ತೆರಿಗೆ ಇದೆ, ಅದು ನೆನಪಿರಲಿ.) ಸಾಲದ ದಾರಿಯಲ್ಲಿ 36 ಕಂತು, ಉಳಿತಾಯದ ದಾರಿಯಲ್ಲಿ 28. ಮಧ್ಯದ ಎಂಟು ಕಂತು ಬರೀ ಆತುರಕ್ಕೆ ಕೊಡುವ ದುಡ್ಡು.

ರೇಟು ಏರುತ್ತದೆ ಅನ್ನುವ ಸ್ನೇಹಿತರ ಮಾತು ಪೂರ್ತಿ ಸುಳ್ಳಲ್ಲ. ವಿಂಚ್, ಶಾಕ್ ಅಬ್ಸಾರ್ಬರ್ ಮುಂತಾದವು ಎಷ್ಟೋ ಹೊರದೇಶದಿಂದ ಬರುತ್ತವೆ, ಡಾಲರ್ ಏರಿದರೆ ಬೆಲೆಯೂ ಏರುತ್ತದೆ. ಆದರೆ ಎರಡೂಕಾಲು ವರ್ಷದಲ್ಲಿ ಶೇ. 10 ಏರಿತು ಅಂತಲೇ ಇಟ್ಟುಕೊಳ್ಳಿ. ಆಗ ಜಾಸ್ತಿ ಆಗುವುದು 30,000 ಚಿಲ್ಲರೆ. ಅದನ್ನು ತಪ್ಪಿಸಿಕೊಳ್ಳಲು 76,000 ಕೊಡುವುದು ಯಾವ ಲೆಕ್ಕ?

ಸಂಬಳದ ಕಡೆಯಿಂದಲೂ ನೋಡಿ. ಕಾರಿನ ಕಂತು, ಹೊಸ ಕಂತು ಸೇರಿ 29,750. ಸಂಬಳದ ಶೇ. 44. ಬಾಡಿಗೆ ಕೊಟ್ಟ ಮೇಲೆ ಉಳಿಯುವುದು 22,000 ಚಿಲ್ಲರೆ. ಇದರಲ್ಲಿ ಊಟ, ಡೀಸೆಲ್, ಇನ್ಶೂರೆನ್ಸ್, ಊರಿಗೆ ಹೋಗಿಬರುವುದು ಎಲ್ಲ ಆಗಬೇಕು. ಆ್ಯಪ್‌ನಲ್ಲಿ ಸಾಲ ಮಂಜೂರಾಗಿ ಕೂತಿದೆ ಅಂದರೆ ನಿಮಗೆ ಅದನ್ನು ಕಟ್ಟುವ ಶಕ್ತಿ ಇದೆ ಅಂತ ಯಾರೋ ಕೂತು ಯೋಚಿಸಿದ್ದಾರೆ ಅಂತಲ್ಲ. ಸಂಬಳ ಬೀಳುವ ಖಾತೆ, ಸಿಬಿಲ್ ಸ್ಕೋರು ನೋಡಿ ಕಂಪ್ಯೂಟರು ಕೊಟ್ಟ ಅಂಕಿ ಅದು. ನಿಮ್ಮ ಮನೆ ಬಾಡಿಗೆ ಅದಕ್ಕೆ ಗೊತ್ತಿಲ್ಲದೆಯೂ ಇರಬಹುದು.

ಈಗ ಗಾಡಿಯ ವಿಷಯ. ನನ್ನ ಪ್ರಕಾರ ಕೊಟೇಶನ್ನಿನ ನಿಜವಾದ ಸಮಸ್ಯೆ ಬಡ್ಡಿಯಲ್ಲ, ಸರಪಳಿ. ಒಂದು ಸಾಮಾನು ಇನ್ನೊಂದನ್ನು ಕರೆತರುತ್ತದೆ. ವಿಂಚ್ ಬೇಕು ಅಂದರೆ ಅದನ್ನು ಕೂರಿಸಲು ಗಟ್ಟಿ ಸ್ಟೀಲ್ ಬಂಪರ್ ಬೇಕು. ಎರಡೂ ಸೇರಿ 80–90 ಕೆ.ಜಿ. ಆಗುವುದು ಸುಲಭ, ಅಷ್ಟೂ ಮುಂದಿನ ಆಕ್ಸಲ್‌ಗಿಂತ ಮುಂದೆ ನೇತಾಡುತ್ತದೆ. ಮೂತಿ ತಗ್ಗುತ್ತದೆ. ಅದನ್ನು ಎತ್ತಲು ಗಟ್ಟಿ ಸ್ಪ್ರಿಂಗ್, ಅಂದರೆ ಲಿಫ್ಟ್ ಕಿಟ್. ಥಾರ್‌ನ ಮುಂದಿನ ಸಸ್ಪೆನ್ಷನ್ ಎರಡೂ ಚಕ್ರಕ್ಕೆ ಬೇರೆ ಬೇರೆ. ಮಾರುತಿ ಜಿಮ್ನಿಯ ಹಾಗೆ ಒಂದೇ ಗಟ್ಟಿ ಆಕ್ಸಲ್ ಅಲ್ಲ. ಹಾಗಾಗಿ ಎರಡು ಇಂಚು ಎತ್ತಿದಾಗ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟು ಓರೆಯಾಗಿ ನಿಲ್ಲುತ್ತದೆ. ಆ ಶಾಫ್ಟು ಬಗ್ಗುವ ಗಂಟಾದ ಸಿವಿ ಜಾಯಿಂಟಿನ ರಬ್ಬರ್ ಬೂಟು ಯಾವಾಗಲೂ ಬಗ್ಗಿಯೇ ತಿರುಗುತ್ತಾ ಸೀಳುತ್ತದೆ. ಒಳಗಿನ ಗ್ರೀಸು ಹೊರಗೆ, ಮಣ್ಣು ಒಳಗೆ. ಆಮೇಲೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಟಕ್ ಟಕ್ ಸದ್ದು. ಬಾಲ್ ಜಾಯಿಂಟು, ಟೈ ರಾಡ್ ಎಂಡೂ ಬೇಗ ಸವೆಯುತ್ತವೆ. ಇದಕ್ಕೆಲ್ಲ ವಾರಂಟಿ ಕೇಳಲು ಹೋದರೆ ಸರ್ವಿಸ್ ಸೆಂಟರಿನವರು ಮೊದಲು ತೋರಿಸುವುದೇ ಆ ಲಿಫ್ಟ್ ಕಿಟ್ಟನ್ನು. ಈ ರಿಪೇರಿ ಖರ್ಚು 3,20,000ದ ಕೊಟೇಶನ್ನಿನಲ್ಲಿ ಇಲ್ಲ, ಅಲ್ವಾ? ಸಾಲದ ಕಂತು ನಡೆಯುತ್ತಿರುವಾಗಲೇ ಇದು ಬರುತ್ತದೆ. ಆಗ ಜನ ಕ್ರೆಡಿಟ್ ಕಾರ್ಡ್ ತೆಗೆಯುತ್ತಾರೆ. ಕಾರ್ಡಿನ ಬಾಕಿಗೆ ತಿಂಗಳಿಗೇ ಶೇ. 3ರಿಂದ 3.75ರಷ್ಟು ಬಡ್ಡಿ. ವರ್ಷಕ್ಕೆ ಗುಣಿಸಿ ನೋಡಿ.

ದೊಡ್ಡ ಟೈರಿನದ್ದೂ ಇದೇ ಕತೆ. ನಿಮ್ಮದು 16 ಇಂಚಿನ ರಿಮ್ಮಿನ ಗಾಡಿ ಅನ್ನಿಸುತ್ತದೆ, ಕಂಪನಿ ಕೊಟ್ಟ ಟೈರು 245/75 (ಅಗಲ 245 ಮಿ.ಮೀ., ಪಕ್ಕದ ಎತ್ತರ ಅದರ ಶೇ. 75). ಕೊಟೇಶನ್ನಿನ "ದೊಡ್ಡ ಸೈಜು" 265/75 ಆಗಿದ್ದರೆ ಟೈರಿನ ವ್ಯಾಸ ಸುಮಾರು 30 ಮಿ.ಮೀ. ಜಾಸ್ತಿ. ಮೀಟರು 80 ತೋರಿಸುವಾಗ ನೀವು 83ರಲ್ಲಿ ಇರುತ್ತೀರಿ. ಟೈರು ಭಾರ, ಬ್ರೇಕಿಗೆ ಕೆಲಸ ಜಾಸ್ತಿ, ಮೈಲೇಜು ಕಡಿಮೆ. ಮಡ್ ಟೈರಿಗೆ ಟಾರ್ ರಸ್ತೆಯಲ್ಲಿ ಹಿಡಿತ ಕಡಿಮೆ, ಮಳೆಯಲ್ಲಿ ಇನ್ನೂ ಕಡಿಮೆ, ಗೊರಗೊರ ಸದ್ದು ಬೇರೆ. ನೀವು ತಿಂಗಳಲ್ಲಿ ಒಂದು ದಿನ ಕೆಸರಲ್ಲಿ, ಮಿಕ್ಕ ದಿನ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ. ಮೂಡಿಗೆರೆಗೆ ಹೋಗಿಬರುವ ದಾರಿಯೂ ಬಹುಪಾಲು ಟಾರೇ.

ಹಾಗಂತ ಸ್ಟಾಕ್ (ಕಂಪನಿ ಕೊಟ್ಟ ಹಾಗೇ ಇರುವ) ಥಾರ್ ಕೈಲಾಗದ ಗಾಡಿ ಅಲ್ಲ. ಮಾಡಿಫೈ ಮಾಡದೆ ಆಫ್‌ರೋಡ್ ಆಗಲ್ಲ ಅನ್ನುವುದು ಗ್ಯಾರೇಜಿನ ಬಾಗಿಲಲ್ಲಿ ಹುಟ್ಟಿದ ಮಾತು. 2020ರಲ್ಲಿ ಬಂದ ಈ ಥಾರ್‌ನ ಗ್ರೌಂಡ್ ಕ್ಲಿಯರೆನ್ಸ್ 226 ಮಿ.ಮೀ., ಮುಂಭಾಗ ತಾಗದೆ ಏರಬಲ್ಲ ಕೋನ 41 ಡಿಗ್ರಿಗೂ ಜಾಸ್ತಿ, 650 ಮಿ.ಮೀ. ನೀರಿನ ತನಕ ಕಂಪನಿಯೇ ಒಪ್ಪುತ್ತದೆ. ನಿಧಾನಕ್ಕೆ ಜೋರಾಗಿ ಎಳೆಯುವ ಲೋ ರೇಂಜ್ ಗೇರು ಇದೆ. ಎಸ್ಟೇಟಿನ ಜೀಪುದಾರಿಗೆ ಇದು ಧಾರಾಳ ಸಾಕು. ನಮ್ಮ ಪ್ಲಾಂಟರುಗಳು ಇದಕ್ಕಿಂತ ಹಳೆಯ, ಬೋಳು ಜೀಪುಗಳಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಅದೇ ದಾರಿಯಲ್ಲಿ ಓಡಾಡಿದವರು. ಗೋವಾದಲ್ಲಿ 2014ರಲ್ಲಿ ಶುರುವಾದ ರೇನ್‌ಫಾರೆಸ್ಟ್ ಚಾಲೆಂಜ್‌ನ ಗಾಡಿಗಳ ವಿಡಿಯೋ ನೋಡಿ ಎಷ್ಟೋ ಜನ ಮರುಳಾಗುತ್ತಾರೆ. ಅವು ಸ್ಪರ್ಧೆಗೆ ಅಂತಲೇ ಕಟ್ಟಿದ ಗಾಡಿಗಳು. ನಿಮ್ಮದು ಸೋಮವಾರ ಆಫೀಸಿಗೆ ಹೋಗಬೇಕಾದ ಗಾಡಿ.

ಇನ್ನೂ ಒಂದು ಮಾತು. ಹೆಚ್ಚುಕಮ್ಮಿ ಪುಕ್ಕಟೆ ಸಿಗುವ ಮಾಡಿಫಿಕೇಶನ್ ಒಂದಿದೆ, ಟೈರಿನ ಗಾಳಿ. ಕೆಸರಿಗೆ ಇಳಿಯುವ ಮೊದಲು 32ರ ಆಸುಪಾಸಿನ ಒತ್ತಡವನ್ನು 18–20 ಪಿಎಸ್‌ಐಗೆ ಇಳಿಸಿ, ಬಗ್ಗಿ ನೋಡಿ. ಟೈರಿನ ಪಕ್ಕ ಸ್ವಲ್ಪ ಉಬ್ಬಿರುತ್ತದೆ, ನೆಲಕ್ಕೆ ತಾಗುವ ಜಾಗ ಉದ್ದವಾಗಿರುತ್ತದೆ. ಮೊದಲು ಸುಮ್ನೆ ತಿರುಗುತ್ತಿದ್ದ ಚಕ್ರ ಈಗ ಹಿಡಿಯುತ್ತದೆ. ಚೂಪು ಕಲ್ಲಿನ ಮೇಲೆ ನಿಧಾನ, ತಿರುವಿನಲ್ಲಿ ಜೋರು ಬೇಡ, ಟಾರ್ ರಸ್ತೆಗೆ ಬರುವ ಮೊದಲು ಮತ್ತೆ ಗಾಳಿ ತುಂಬಬೇಕು. ಇದಕ್ಕೆ ಬೇಕಾದದ್ದು ಒಂದು ಒಳ್ಳೆಯ ಕಂಪ್ರೆಸರು ಮತ್ತು ಗೇಜು. ಕೆಲವೇ ಸಾವಿರದ ಮಾತು.

ಕಾನೂನಿನ ವಿಷಯ ಸಾಲಕ್ಕೂ ಸಂಬಂಧಪಟ್ಟದ್ದು, ಅದಕ್ಕೇ ಹೇಳುತ್ತಿದ್ದೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡವೂ ಬಂತು: ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ, ಆರು ತಿಂಗಳವರೆಗೆ ಜೈಲಿಗೂ ಅವಕಾಶ. ಗಾಡಿಯ ಮುಂದೆ ಕೂರಿಸುವ ಬುಲ್ ಬಾರು, ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಸ್ಟೀಲ್ ಬಂಪರು ಡಿಕ್ಕಿಯ ಪೆಟ್ಟನ್ನು ಬೇರೆ ರೀತಿ ಹಂಚುತ್ತದೆ. ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯದಿರುವ ಅಪಾಯ ಇದೆ. ಇದು ದಂಡಕ್ಕಿಂತ ದೊಡ್ಡ ವಿಷಯ.

"ಎಲ್ಲರೂ ಹಾಕಿಸಿದ್ದಾರೆ, ಯಾರೂ ಹಿಡಿಯಲ್ಲ" ಅಂತೀರಿ. ಸರಿ, ಪೊಲೀಸರು ಹಿಡಿಯದೇ ಇರಬಹುದು. ಇನ್ಶೂರೆನ್ಸ್ ಸರ್ವೇಯರ್ ಬಿಡುವುದಿಲ್ಲ. ನಿಮ್ಮ ಗಾಡಿ ಬ್ಯಾಂಕಿಗೆ ಅಡವಿದೆ. ಸಾಲದ ಒಪ್ಪಂದದ ಸಣ್ಣ ಅಕ್ಷರಗಳಲ್ಲಿ, ಬ್ಯಾಂಕಿನ ಒಪ್ಪಿಗೆ ಇಲ್ಲದೆ ಗಾಡಿ ಬದಲಿಸಬಾರದು ಅನ್ನುವ ಸಾಲು ಸಾಮಾನ್ಯವಾಗಿ ಇರುತ್ತದೆ. ದೊಡ್ಡ ಅಪಘಾತವಾಗಿ, ತಿಳಿಸದ ಮಾಡಿಫಿಕೇಶನ್ ನೆಪದಲ್ಲಿ ಕ್ಲೇಮು ತಿರಸ್ಕೃತವಾಯಿತು ಅಂತಿಟ್ಟುಕೊಳ್ಳಿ. ಆಗ ಗಾಡಿ ಇಲ್ಲ, ಬಂಪರೂ ಇಲ್ಲ, ಎರಡು ಕಂತು ಮಾತ್ರ ಇರುತ್ತವೆ. ಪರ್ಸನಲ್ ಲೋನ್ ಹಿಂದೆ ಮಾರಿ ತೀರಿಸುವ ಆಸ್ತಿ ಯಾವುದೂ ಇಲ್ಲ. ಮಾರುವಾಗ ಮಾಡಿಫಿಕೇಶನ್ ದುಡ್ಡು ವಾಪಸ್ ಬರುತ್ತದೆ ಅನ್ನುವುದನ್ನೂ ನಂಬಬೇಡಿ. ಸೆಕೆಂಡ್‌ಹ್ಯಾಂಡ್ ವ್ಯಾಪಾರಿ ಲಿಫ್ಟ್ ಮಾಡಿದ ಗಾಡಿ ನೋಡಿದ ತಕ್ಷಣ ಯೋಚಿಸುವುದು "ಇದನ್ನು ಎಲ್ಲೆಲ್ಲಿ ಓಡಿಸಿದ್ದಾನೋ" ಅಂತ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಭಾವನವರ ಸಲಹೆಯನ್ನು ಮೊದಲು ಪಕ್ಕಕ್ಕಿಡಿ. ಸೊಸೈಟಿಯ ಶೂನ್ಯ ಬಡ್ಡಿ ಬೆಳೆಸಾಲ ತೋಟದ ಖರ್ಚಿಗೆ ಅಂತ ಸರ್ಕಾರ ಬಡ್ಡಿ ತುಂಬಿ ಕೊಡುವ ಸಾಲ. ಅದರಲ್ಲಿ ವಿಂಚ್ ತಗೊಳ್ಳುವುದು ದುರ್ಬಳಕೆ. ಅದು ಬದಿಗಿರಲಿ, ಗಡುವಿನೊಳಗೆ ಒಂದೇ ಸಲಕ್ಕೆ ಅಸಲು ಕಟ್ಟದಿದ್ದರೆ ಶೂನ್ಯ ಬಡ್ಡಿ ಹೋಗುತ್ತದೆ, ಮುಂದಿನ ವರ್ಷ ಅಪ್ಪನಿಗೆ ಗೊಬ್ಬರಕ್ಕೆ ಸಾಲ ಸಿಗುವುದೂ ಕಷ್ಟವಾಗುತ್ತದೆ. ಕೃಷಿ ಹೆಸರಲ್ಲಿ ಕಡಿಮೆ ಬಡ್ಡಿಗೆ ಸಿಗುವ ಚಿನ್ನದ ಸಾಲಕ್ಕೂ ಇದೇ ಮಾತು. ಮಾಮೂಲಿ ಚಿನ್ನದ ಸಾಲ ಪರ್ಸನಲ್ ಲೋನಿಗಿಂತ ಅಗ್ಗ, ನಿಜ. ಆದರೆ ಹೆಚ್ಚಿನವರು ಬಡ್ಡಿ ಮಾತ್ರ ಕಟ್ಟಿ ನವೀಕರಿಸುತ್ತಾ ಹೋಗುತ್ತಾರೆ, ಅಸಲು ಹಾಗೇ ಕೂತಿರುತ್ತದೆ. ಹೆಂಡತಿಯ ಸರ ಲಾಕರಿನಲ್ಲಿ, ನಿಮ್ಮ ಬಂಪರು ಕೆಸರಲ್ಲಿ. ಇದನ್ನು ಮನೆಯಲ್ಲಿ ಹೇಗೆ ಹೇಳುತ್ತೀರೋ ನನಗೆ ಗೊತ್ತಿಲ್ಲ.

ಗ್ಯಾರೇಜಿನವರು "ನೋ ಕಾಸ್ಟ್ ಇಎಂಐ" ಅಂದರೆ ಒಂದೇ ಪ್ರಶ್ನೆ ಕೇಳಿ: ಪೂರ್ತಿ ನಗದು ಕೊಟ್ಟರೆ ಎಷ್ಟು? ರೇಟು ಇಳಿದರೆ ಆ ವ್ಯತ್ಯಾಸವೇ ಬಡ್ಡಿ. ಕಾರ್ಡಿನ ಮೇಲಿನದ್ದಾದರೆ ಬಡ್ಡಿಯ ಭಾಗಕ್ಕೆ ಶೇ. 18 ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ಹೇಗೂ ನಿಮ್ಮ ತಲೆಗೇ ಬರುತ್ತದೆ. ಫ್ಲ್ಯಾಟ್ ರೇಟು (ತೀರಿಸಿದ ಅಸಲಿಗೂ ಕೊನೆಯ ತನಕ ಬಡ್ಡಿ ಹಾಕುವ ಲೆಕ್ಕ) ಇನ್ನೊಂದು ಮೋಡಿ. "ಶೇ. 9 ಮಾತ್ರ ಸಾರ್" ಅನ್ನುತ್ತಾರೆ. 3 ಲಕ್ಷಕ್ಕೆ ಮೂರು ವರ್ಷ ಫ್ಲ್ಯಾಟ್ ಶೇ. 9 ಅಂದರೆ 81,000 ಬಡ್ಡಿ. ಬ್ಯಾಂಕು ಹೇಳುವ ಲೆಕ್ಕದಲ್ಲಿ ಅದು ಶೇ. 16ಕ್ಕೂ ಜಾಸ್ತಿ. ನಿಮ್ಮ ಆ್ಯಪ್‌ನ 14ಕ್ಕಿಂತ ದುಬಾರಿ.

ಚೀಟಿ ಹಾಕಿದರೆ ಹೇಗೆ ಅಂತ ನಿಮ್ಮ ಊರಿನವರು ಕೇಳಿಯೇ ಕೇಳುತ್ತಾರೆ. ಮೊದಲ ತಿಂಗಳುಗಳಲ್ಲೇ ಕೂಗಿ ಎತ್ತಿದರೆ ಅದು ಉಳಿತಾಯ ಅಲ್ಲ, ಸಾಲವೇ. ಬಿಟ್ಟ ದುಡ್ಡು ನೀವು ಕೊಟ್ಟ ಬಡ್ಡಿ. ಕೊನೆಯ ತನಕ ಕಾಯುವವರಿಗೆ ಮಾತ್ರ ಅದು ಉಳಿತಾಯ, ಅದೂ ನೋಂದಣಿಯಾದ ಚೀಟಿ ಆಗಿದ್ದರೆ.

ಪೂರ್ತಿ ಸಾಲಕ್ಕೂ ಪೂರ್ತಿ ಕಾಯುವುದಕ್ಕೂ ಮಧ್ಯೆ ಒಂದು ದಾರಿ ಇದೆ. 15 ತಿಂಗಳು ಆರ್‌ಡಿ ಕಟ್ಟಿದರೆ 1.6 ಲಕ್ಷ ಆಗುತ್ತದೆ. ಉಳಿದದ್ದರಲ್ಲಿ 1.5 ಲಕ್ಷಕ್ಕೆ 12 ತಿಂಗಳ ಸಾಲ ತಗೊಂಡರೆ ಅದೇ ಶೇ. 14ರಲ್ಲಿ ಬಡ್ಡಿ ಸುಮಾರು 11,600 ಮಾತ್ರ. ಕಂತು 13,470 ಆಗುತ್ತದೆ, ಒಂದು ವರ್ಷ ಬಿಗಿ. ಕಾಯಲು ಆಗುವುದೇ ಇಲ್ಲ ಅನ್ನುವವರಿಗೆ ನಾನು ಹೇಳುವುದು ಇದನ್ನು. ಪೂರ್ವಪಾವತಿಗೆ ದಂಡ ಎಷ್ಟು ಅಂತ ಸಹಿ ಹಾಕುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರು ಲಕ್ಷದ ಸಾಲವನ್ನು ಮುಟ್ಟುವುದಿಲ್ಲ. 90,000ದಲ್ಲಿ ಹೆಚ್ಚೆಂದರೆ 20,000 ತೆಗೆದು ಕಂಪ್ರೆಸರು, ಗೇಜು, ಗಾಡಿ ಎಳೆಯುವಾಗ ಹಿಗ್ಗುವ ಕೈನೆಟಿಕ್ ಹಗ್ಗ, ಭಾರದ ಮಿತಿ ಅಚ್ಚಾಗಿರುವ ಶ್ಯಾಕಲ್ಲು (ಹಗ್ಗ ಸಿಕ್ಕಿಸುವ ಕೊಂಡಿ), ದಪ್ಪ ಗ್ಲೌಸು ತಗೊಳ್ಳುತ್ತೇನೆ. ಮಿಕ್ಕದ್ದು ಆಸ್ಪತ್ರೆಗೋ ಕೆಲಸ ಹೋದರೋ ಬೇಕಾದ ದುಡ್ಡು, ಅದು ಅಲ್ಲೇ ಇರಲಿ. ಹಗ್ಗ ಕಟ್ಟುವುದನ್ನು ಗೊತ್ತಿದ್ದವರ ಹತ್ತಿರ ಕಲಿಯಿರಿ. ಟೋ ಬಾಲ್‌ಗೆ, ಬಂಪರಿಗೆ ಹಗ್ಗ ಸಿಕ್ಕಿಸಿ ಎಳೆದಾಗ ಕಿತ್ತು ಹಾರಿ ಬರುವ ಕಬ್ಬಿಣ ಪ್ರಾಣಕ್ಕೇ ಕುತ್ತು.

ಈ ತಿಂಗಳಿಂದಲೇ 10,250ರ ಆರ್‌ಡಿ ಶುರು ಮಾಡಿ. ಆರೇಳು ತಿಂಗಳಲ್ಲಿ ಕಂಪನಿ ಸೈಜಿನದ್ದೇ ಆಲ್ ಟೆರೇನ್ (ಟಾರಿಗೂ ಮಣ್ಣಿಗೂ ಆಗುವ) ಟೈರಿಗೆ ದುಡ್ಡು ಬಂದಿರುತ್ತದೆ. ಲೋಡ್ ಇಂಡೆಕ್ಸ್ (ಹೊರುವ ಭಾರದ ಮಿತಿ), ಸ್ಪೀಡ್ ರೇಟಿಂಗ್ (ವೇಗದ ಮಿತಿ) ಈಗಿನದ್ದಕ್ಕಿಂತ ಕಡಿಮೆ ಇರಬಾರದು. ಇಡೀ ಪಟ್ಟಿಯಲ್ಲಿ ದಿನಾ ಉಪಯೋಗಕ್ಕೆ ಬರುವುದು ಟೈರೊಂದೇ. ಆಮೇಲೆ ಅದರಲ್ಲೇ ಒಂದು ಮಳೆಗಾಲ ಓಡಿಸಿ. ಎಲ್ಲಿ ಸಿಕ್ಕಿಬೀಳುತ್ತೀರಿ, ಕೆಳಗೆ ಏನು ತಾಗುತ್ತದೆ ಅಂತ ಗಮನಿಸಿ. ಬಾಗಿಲ ಕೆಳಗಿನ ಅಂಚು ಪದೇ ಪದೇ ಕಲ್ಲಿಗೆ ತಾಗುತ್ತಿದ್ದರೆ ರಾಕ್ ಸ್ಲೈಡರ್ ಬಗ್ಗೆ ಯೋಚಿಸಿ. ವಿಂಚು ಗುಂಪಿನ ನಾಲ್ಕು ಗಾಡಿಯಲ್ಲಿ ಒಂದಕ್ಕಿದ್ದರೆ ಸಾಕು. ಹೆಚ್ಚಿನ ಸಲ ಹಗ್ಗದಲ್ಲೇ ಕೆಲಸ ಮುಗಿಯುತ್ತದೆ. ಸ್ನಾರ್ಕೆಲ್ ಬಿಡಿ. ಅದು ಇಂಜಿನ್ನಿಗೆ ಗಾಳಿ ಮೇಲಿಂದ ಕೊಡುತ್ತದೆ ಅಷ್ಟೇ, ಆಲ್ಟರ್ನೇಟರಿಗೂ ವೈರಿಂಗಿಗೂ ನೀರು ನೀರೇ. ನಿಮಗೆ ಸ್ನಾರ್ಕೆಲ್, ಎರಡೂ ಆಕ್ಸಲ್ಲಿಗೆ ಡಿಫ್ ಲಾಕ್ (ಎಡ ಬಲ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಸಾಧನ) ಅಷ್ಟು ಮುಖ್ಯವಾಗಿದ್ದರೆ ಫ್ಯಾಕ್ಟರಿಯಿಂದಲೇ ಅವೆರಡನ್ನೂ ಕೊಡುವ ಫೋರ್ಸ್ ಗೂರ್ಖಾ ತಗೊಳ್ಳಬೇಕಿತ್ತು. ಲಿಫ್ಟ್ ಕಿಟ್ ಪಟ್ಟಿಯ ಕೊನೆಗೆ. ಬಹುಶಃ ನಿಮಗೆ ಬೇಡವೇ ಬೇಡ ಅಂತ ಆ ಹೊತ್ತಿಗೆ ಅನ್ನಿಸಿರುತ್ತದೆ.

ಏನೇ ಹಾಕಿಸಿದರೂ ಮೊದಲು ಇನ್ಶೂರೆನ್ಸ್ ಕಂಪನಿಗೆ ಇಮೇಲ್ ಹಾಕಿ. ವಿಂಚು, ಲೈಟು ಮುಂತಾದ ಎಲೆಕ್ಟ್ರಿಕಲ್ ಸಾಮಾನಿಗೆ ಸಾಮಾನ್ಯವಾಗಿ ಬೆಲೆಯ ಶೇ. 4ರಷ್ಟು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಗೆ ಸೇರಿಸಬಹುದು. ನೀರು ನುಗ್ಗಿ ಇಂಜಿನ್ ಹಾಳಾದರೆ ಮಾಮೂಲಿ ಪಾಲಿಸಿ ಕೊಡುವುದಿಲ್ಲ, ಅದಕ್ಕೆ ಇಂಜಿನ್ ಪ್ರೊಟೆಕ್ಟ್ ಬೇರೆ ಬೇಕು. ಸ್ಪರ್ಧೆಗಳಲ್ಲಿ ಆದ ಹಾನಿಗೂ ಪಾಲಿಸಿ ಇಲ್ಲ. ಎಲ್ಲಕ್ಕೂ ಜಿಎಸ್‌ಟಿ ಬಿಲ್ಲು ನಿಮ್ಮ ಹೆಸರಲ್ಲೇ ಇರಲಿ. ಬಿಚ್ಚಿದ ಹಳೆಯ ಸ್ಪ್ರಿಂಗು, ಬಂಪರು, ಬೋಲ್ಟುಗಳ ಸಮೇತ ಮನೆಗೆ ತನ್ನಿ. "ಇಲ್ಲೇ ಇರಲಿ ಬಿಡಿ ಸಾರ್" ಅಂತ ಗ್ಯಾರೇಜಿನವರು ಹೇಳುತ್ತಾರೆ. ಬಿಡಬೇಡಿ. ಮೂಡಿಗೆರೆ ಮನೆಯ ಅಟ್ಟದಲ್ಲಿ ಇಟ್ಟರೆ ಮಾರುವ ದಿನ ಅವನ್ನೇ ಮತ್ತೆ ಕೂರಿಸಿ, ತೆಗೆದ ಸಾಮಾನನ್ನು ಬೇರೆಯಾಗಿ ಮಾರಬಹುದು.